ನಮ್ಮ ಶಾಲೆಯ ಜಗಲಿಯೇ ರಂಗಮಂಚ

ಹನಗೋಡಿನ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನಾನು ಟೀಚರು. ಹಾಡು, ನಾಟಕ, ಭಾಷಣ ಅಂದ ತಕ್ಷಣ ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಪಾಠದಲ್ಲಿ ಮುಂದೇನು ಅನ್ನುವುದು ಪುಸ್ತಕದಲ್ಲಿರುತ್ತದೆ. ಮಕ್ಕಳು ಜಗಲಿ ಹತ್ತಿದ ಮೇಲೆ ಮುಂದೇನು ಅನ್ನುವುದು ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ.

ಮರ

ಛದ್ಮವೇಷ ಸ್ಪರ್ಧೆಗೆ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಮರವಾಗಿ ಬಂದಳು. ಅವರಮ್ಮ ಹಸಿರು ಫ್ರಾಕಿನ ಮೇಲೆ ಹಲಸಿನ ಸೊಪ್ಪು ಕಟ್ಟಿ, ಮುಖವೊಂದನ್ನು ಬಿಟ್ಟಿದ್ದರು. ಸರದಿ ಬರುವವರೆಗೆ ಗೇಟಿನ ಹತ್ತಿರ ನಿಂತಿರು, ಮರ ಅಲ್ಲಾಡಬಾರದು ಎಂದು ಹೇಳಿದವಳು ನಾನೇ. ಪಾಪ, ಅವಳು ಅಲ್ಲಾಡಲಿಲ್ಲ. ಎದುರು ಮನೆಯ ಮೇಕೆಗಳಿಗೆ ಅಷ್ಟೇ ಸಾಕಾಯಿತು. ಹೆಸರು ಕರೆದಾಗ ಫ್ರಾಕಿನ ಮೇಲೆ ದಾರ, ಕಡ್ಡಿ ಮಾತ್ರ ಉಳಿದಿದ್ದವು. ನೀನು ಏನಮ್ಮ ಎಂದು ತೀರ್ಪುಗಾರರು ಕೇಳಿದರು.

"ಮ್ಯಾಕೆ ತಿಂದ ಮರ, ಸಾ."

ಮೊದಲ ಬಹುಮಾನ ಅವಳಿಗೇ ಬಂತು.

ಆನೆ

ಕಾಡಾನೆಗಳ ಬಗ್ಗೆ ಚರ್ಚಾಸ್ಪರ್ಧೆ ಇಟ್ಟಿದ್ದೆವು. ಆರನೇ ಕ್ಲಾಸಿನ ಹುಡುಗ ಆನೆಗಳ ಪರ ನಿಂತ. ನಾವು ಪ್ರೀತಿಯಿಂದ ಮಾತಾಡಿಸಿದರೆ ಆನೆ ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ಕೈ ಬೀಸಿ ಬೀಸಿ ವಾದಿಸಿ ಗೆದ್ದ. ಅವರಪ್ಪ ಹಿಂದೆ ನಿಂತು ಕೇಳುತ್ತಿದ್ದರು. ಹಿಂದಿನ ವಾರವಷ್ಟೇ ಅವರ ಜೋಳದ ಹೊಲಕ್ಕೆ ಆನೆ ನುಗ್ಗಿತ್ತು. ಬೇಜಾರಾಯಿತೇನೋ ಎಂದು ನಾನೇ ಹೋಗಿ ಮಾತಾಡಿಸಿದೆ.

"ಬೋ ಚೆಂದಾಗಿ ಮಾತಾಡ್ದ ಬುಡಿ ಮಿಸ್," ಅಂದರು. "ಇನ್ಮೇಲೆ ಆನೆ ಬಂದ್ರೆ ನಾನು ಪಟಾಕಿ ಹೊಡೆಯಾಕಿಲ್ಲ. ಮಾತಾಡ್ಸಾಕೆ ಇವ್ನನ್ನೇ ಕಳಿಸ್ತೀನಿ."

ಮದುವೆ

ಬಾಲ್ಯವಿವಾಹ ತಪ್ಪು ಎಂದು ಏಳನೇ ಕ್ಲಾಸಿನವರಿಂದ ನಾಟಕ ಮಾಡಿಸಿದೆ. ನಿಜದಂತೆ ಕಾಣಲಿ ಎಂದು ತಾಯಂದಿರು ರೇಷ್ಮೆ ಸೀರೆ, ಬಾಸಿಂಗ ಕೊಟ್ಟರು. ಜಗಲಿಗೆ ಚಪ್ಪರ ಹಾಕಿ, ಮೈಕಿನಲ್ಲಿ ಓಲಗ ಹಾಕಿಸಿದೆವು. ರಸ್ತೆಯಲ್ಲಿ ಹೋಗುತ್ತಿದ್ದ ಪುಣ್ಯಾತ್ಮರೊಬ್ಬರು ಚಪ್ಪರ ನೋಡಿದರು, ಓಲಗ ಕೇಳಿದರು, ಹಸೆಮಣೆಯ ಮೇಲೆ ಪುಟ್ಟ ಹೆಣ್ಣನ್ನೂ ಕಂಡರು. ಕೂಡಲೇ ಪೊಲೀಸರಿಗೆ ಫೋನು ಮಾಡಿದರು.

ಇನ್ನೇನು ತಾಳಿ ಕಟ್ಟಬೇಕು, ಗೇಟಿನ ಮುಂದೆ ಜೀಪು ಬಂದು ನಿಂತಿತು. ಹೆಡ್‌ಮಾಸ್ಟರು ಹೆದರಿ ಎದ್ದು ನಿಂತರು. ಇನ್‌ಸ್ಪೆಕ್ಟರು ಬಿರಬಿರನೆ ಬಂದು, ಮದುವೆ ನಿಲ್ಲಿಸಿ ಎನ್ನುತ್ತ ಜಗಲಿ ಹತ್ತಿದರು.

ಅಲ್ಲಿ ನಮ್ಮ ನಾಟಕದ ಇನ್‌ಸ್ಪೆಕ್ಟರು ಆಗಲೇ ಮದುಮಗನ ಕೈ ಹಿಡಿದು ನಿಂತಿದ್ದಳು. ಅಣ್ಣನ ಖಾಕಿ ಅಂಗಿ, ಕಾಡಿಗೆಯಲ್ಲಿ ಬರೆದ ಮೀಸೆ. ಬಂದವರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ತನ್ನ ಮಾತು ತಪ್ಪಿಹೋದೀತೆಂಬ ಗಾಬರಿಯಲ್ಲಿ ಮೆಲ್ಲಗೆ ಹೇಳಿದಳು:

"ಈ ಮದ್ವೇನ ನಾನು ಆಗ್ಲೇ ನಿಲ್ಸಾಯ್ತು ಸಾ. ನೀವು ಅಲ್ಲಿ ಕೂತ್ಕಳಿ."

ಇನ್‌ಸ್ಪೆಕ್ಟರು ಅವಳಿಗೊಂದು ಸಲ್ಯೂಟ್ ಹೊಡೆದು, ಟೋಪಿ ತೆಗೆದು ಮುಂದಿನ ಬೆಂಚಿನಲ್ಲಿ ಕೂತರು.