ಬೇವಿನ ಗಿಡ ಸರಿಸಿದ್ದು

ಪ್ರಕೃತಿಗೆ ಚಿತ್ರಕಲೆಯ ನಿಯಮ ಗೊತ್ತಿಲ್ಲ ಎಂಬುದು ಡ್ರಾಯಿಂಗ್ ಮಾಸ್ತರನಾದ ನನ್ನ ಹಳೆಯ ದೂರು. ಬೇಡದ ಕಡೆ ಗುಡ್ಡ ಎಬ್ಬಿಸುತ್ತದೆ, ನಟ್ಟನಡುವೆ ಗಿಡ ನಿಲ್ಲಿಸುತ್ತದೆ. ಅದನ್ನು ಕಾಗದದ ಮೇಲೆ ತಿದ್ದುವುದು ಕಲಾವಿದನ ಹಕ್ಕು ಎಂದು ಕುಷ್ಟಗಿಯ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತ ಬಂದವನು ನಾನು. ಈಗ ಹೆಂಡತಿಯ ತವರಿನಿಂದ ಫೋನು ಬಂದರೆ ಸಾಕು, ಅವಳ ಕೈಗೇ ಕೊಟ್ಟುಬಿಡುತ್ತೇನೆ.

ತಾವರಗೇರಾದಲ್ಲಿ ನನ್ನ ಹೆಂಡತಿಯ ಅಣ್ಣ ಹೊಸ ಮನೆ ಕಟ್ಟಿಸಿದರು. ಉಡುಗೊರೆಗೆಂದು ಅವರ ಹೊಲದ ಚಿತ್ರ ಬರೆದೆ. ಮಾವನವರು ಬಿಟ್ಟುಹೋದ ಆ ಹೊಲವನ್ನು ಹೆಂಡತಿಯ ಅಣ್ಣ ತಮ್ಮ ಇಬ್ಬರೇ ಹೋದ ವರ್ಷವಷ್ಟೇ ಪಾಲು ಮಾಡಿಕೊಂಡಿದ್ದರು. ನಡುವಿನ ಬದುವಿನ ಮೇಲೊಂದು ಬೇವಿನ ಗಿಡ, ಇಬ್ಬರಿಗೂ ಸೇರಿದ್ದು. ನಡುವೆ ಇದ್ದರೆ ಚಿತ್ರ ಕೆಡುತ್ತದೆಂದು ಅದನ್ನು ತುಸು ಎಡಕ್ಕೆ ಸರಿಸಿದೆ. ಎಡಗಡೆ ತಮ್ಮನ ಹೊಲ ಎಂಬುದು ಕುಂಚ ಹಿಡಿದವನಿಗೆ ನೆನಪಾಗುವ ವಿಷಯವೇ?

ಪಡಸಾಲೆಯಲ್ಲಿ ತೂಗುಹಾಕಿದ ಚಿತ್ರವನ್ನು ಅಣ್ಣ ಬಹಳ ಹೊತ್ತು ನೋಡಿದರು.

“ಮಾಸ್ತರ, ಗಿಡ ಅವನ ಹೊಲದಾಗ ಯಾಕ ಹೋತ್ರಿ?”

“ಕಣ್ಣಿಗೆ ಛಲೋ ಕಾಣ್ಲಿ ಅಂತ,” ಎಂದೆ.

“ಅವನ ಹೊಲದಾಗಿದ್ರ ಛಲೋ ಕಾಣ್ತೈತೇನ್ರಿ?”

ಅಷ್ಟರಲ್ಲಿ ತಮ್ಮ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು, “ಇರ್ಲಿ ಬಿಡ್ರಿ ಮಾಮಾ, ಗಿಡ ಭಾಳ ಛಲೋ ಜಾಗಾದಾಗ ಐತಿ,” ಎಂದ. ಅಣ್ಣ ಊಟಕ್ಕೆ ಏಳಲಿಲ್ಲ.

ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ. ಬಸ್ಸಿನಲ್ಲಿ ಹೆಂಡತಿ ಕಣ್ಣೊರೆಸಿಕೊಂಡಳು. “ಅವ್ರಿಬ್ರೂ ಮಾತು ಬಿಟ್ರ ಪಂಚಮಿಗೆ ನಾ ಯಾರ ಮನಿಗೆ ಹೋಗ್ಲಿ? ಗಿಡ ಇದ್ದಲ್ಲೇ ಇರಾಕ ಬಿಡಾಕ ನಿಮಗೇನ ಧಾಡಿ ಆಗಿತ್ತು?” ಆಮೇಲೆ ನನಗೆ ರೊಟ್ಟಿಯೂ ಸೇರದು, ಪಾಠವೂ ಸಾಗದು. ಕಣ್ಣು ಮುಚ್ಚಿದರೆ ಸರ್ವೇಯರೊಬ್ಬ ಸರಪಳಿ ಹಿಡಿದು ನನ್ನ ಚಿತ್ರದೊಳಗೇ ಅಳತೆಗೆ ನಿಂತಿರುತ್ತಿದ್ದ.

ಕಡೆಗೆ, ಬಣ್ಣ ಪಕ್ಕಾ ಮಾಡಬೇಕು ಎಂಬ ನೆಪ ಹೇಳಿ ಚಿತ್ರವನ್ನು ಮನೆಗೆ ತಂದೆ. ಬಲಗಡೆ, ಅಣ್ಣನ ಹೊಲದಲ್ಲಿ, ಅಷ್ಟೇ ಎತ್ತರದ ಇನ್ನೊಂದು ಬೇವಿನ ಗಿಡ ಬರೆದೆ. ಒಯ್ಯಲು ಇಬ್ಬರೂ ಒಂದೇ ಬೈಕಿನಲ್ಲಿ ಬಂದರು. ಅಣ್ಣನ ಮುಖ ಅರಳಿತು. ಬಂದ ಗಿಡ ಹೋಗಲಿಲ್ಲವೆಂದು ತಮ್ಮನಿಗೂ ಸಮಾಧಾನ. ನಾನು ಎಷ್ಟೋ ದಿನಗಳ ಮೇಲೆ ನಿರಾಳವಾಗಿ ಉಸಿರು ಬಿಟ್ಟೆ.

ಹೆಂಡತಿ ಚಹಾ ತಂದವಳು ಚಿತ್ರದ ಮುಂದೆ ನಿಂತಳು.

“ಅಣ್ಣಗೊಂದು ಗಿಡ ಆತು, ತಮ್ಮಗೊಂದು ಆತು. ನಂದೆಲ್ಲೈತ್ರಿ?”

ನಗುತ್ತಾಳೇನೋ ಎಂದು ನೋಡಿದೆ. ನಗಲಿಲ್ಲ. ಅಣ್ಣ ತಮ್ಮ ಇಬ್ಬರೂ ಕಪ್ಪಿನೊಳಗೆ ನೋಡುತ್ತ ಕುಳಿತರು. ಆಮೇಲೆ ಮೂವರೂ ನನ್ನ ಕಡೆ ತಿರುಗಿದರು, ಹೊಲ ಹಂಚಿದವನು ನಾನೇ ಎಂಬಂತೆ. ಆಗಲೇ ತೊಳೆದಿಟ್ಟಿದ್ದ ಕುಂಚವನ್ನು ಎತ್ತಿಕೊಂಡು, ಮತ್ತೊಮ್ಮೆ ತೊಳೆಯಲು ನಾನು ಹಿತ್ತಲಿಗೆ ಹೋದೆ.