ಮೂರು ಮಹಡಿಗೆ ಒಂದೇ ಲಾಡಿ

"ಭಾನುವಾರ ಸಂಜೆ ನಾಲ್ಕು ಗಂಟೆಯೊಳಗೆ ಈ ಮನೆಯ ಮೂಲೆಮೂಲೆಗೂ ವೈಫೈ ಹರಿಸದಿದ್ದರೆ ನಾನು ಈ ಮನೆಯ ಯಜಮಾನನೇ ಅಲ್ಲ!"

ಊಟದ ಮೇಜು ಗುದ್ದಿ ನಾನು ಹೀಗೆ ಘೋಷಿಸಿದಾಗ ನನ್ನಾಕೆ ತಟ್ಟೆಯಿಂದ ತಲೆಯೆತ್ತದೆ, "ಈಗ ಯಜಮಾನ್ರು ಅಂತ ಯಾರು ಅಂದ್ರು?" ಎಂದಳು. ಮಗಳು ಕಿಸಕ್ಕನೆ ನಕ್ಕಳು. ಇಂಥ ಸಣ್ಣಪುಟ್ಟ ಅಡ್ಡಿಗಳಿಗೆಲ್ಲ ಜಗ್ಗುವ ಜೀವ ನನ್ನದಲ್ಲ. ಇಪ್ಪತ್ತು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸುತ್ತಿರುವವನು ನಾನು. ಇಡೀ ಭೂಮಂಡಲವನ್ನೇ ಅಂಗೈಯಲ್ಲಿ ತಿರುಗಿಸಿದವನಿಗೆ ಮೂರು ಮಹಡಿಯ ಮನೆ ಯಾವ ಲೆಕ್ಕ!

ಸಂಗತಿ ಮಾತ್ರ ತಮಾಷೆಯದಾಗಿರಲಿಲ್ಲ. ನಮ್ಮ ಮನೆಗೆ ಅಗಲವಿಲ್ಲ, ಎತ್ತರವಿದೆ. ಬೆಂಕಿಪೊಟ್ಟಣವನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ಕೆಳಗೆ ಅತ್ತೆ, ನಡುವೆ ನಾವು, ಮೇಲೆ ನನ್ನಾಕೆಯ ಹೊಲಿಗೆ ಕೋಣೆ. ಇಂಟರ್‌ನೆಟ್ಟು ಮನೆಯೊಳಗೆ ಕಾಲಿಡುವುದು ಅತ್ತೆಯ ಮಂಚದ ಪಕ್ಕದಲ್ಲಿ. ಅಲ್ಲಿ ಅವರ ಧಾರಾವಾಹಿಗಳು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗುತ್ತವೆ. ನಮ್ಮ ಮಹಡಿಗೆ ಬರುವ ಹೊತ್ತಿಗೆ ಆ ಸಿಗ್ನಲ್ಲಿಗೆ ಏದುಸಿರು. ಮೇಲಿನ ಕೋಣೆ ತಲುಪುವಷ್ಟರಲ್ಲಿ ಪ್ರಾಣಪಕ್ಷಿ ಹಾರಿಹೋಗಿರುತ್ತದೆ. ಮೊಬೈಲ್ ಡೇಟಾ ಎನ್ನುವುದು ನಮ್ಮ ಬೀದಿಯಲ್ಲಿ ಮೊದಲಿನಿಂದಲೂ ಕುಂಟುವ ಗಿರಾಕಿ.

ಹದಿನೈದು ವರ್ಷ ಬೀದಿಯವರ ಬಟ್ಟೆಯನ್ನೆಲ್ಲ ಹೊಲಿದ ನನ್ನಾಕೆ, ಈಗ ಆನ್‌ಲೈನಿನಲ್ಲಿ ಹೊಲಿಗೆ ಕಲಿಸುತ್ತೇನೆಂದು ಹೊರಟಿದ್ದಳು. ಮೂವತ್ತೆರಡು ಜನ ಹೆಸರು ಕೊಟ್ಟಿದ್ದರು! ಹಿಂದಿನ ವಾರ ಒಂದು ಟ್ರಯಲ್ ಕ್ಲಾಸು ನಡೆಯಿತು. ತುಟಿಗಳ ನಡುವೆ ಮೂರು ಗುಂಡುಪಿನ್ನು, ಅರ್ಧ ಮುಚ್ಚಿದ ಕಣ್ಣು, ಎತ್ತಿದ ಕತ್ತರಿ. ಆ ಭಂಗಿಯಲ್ಲೇ ಅವಳ ಚಿತ್ರ ಹನ್ನೊಂದು ನಿಮಿಷ ಕಲ್ಲಾಗಿ ನಿಂತಿತು. ಕಲಿಯಲು ಬಂದವರು ಹೆದರಿ ಒಬ್ಬೊಬ್ಬರಾಗಿ ಎದ್ದುಹೋದರು.

"ಈ ಸಲಾನೂ ಹೀಗೇ ಆದ್ರೆ ಕ್ಲಾಸೂ ಬೇಡ, ಏನೂ ಬೇಡ. ನನ್ನ ಕೈಲಾಗಲ್ಲ ಅಂತ ಎಲ್ರಿಗೂ ಹೇಳ್ಬಿಡ್ತೀನಿ" ಎಂದಳು. ನಗುತ್ತಲೇ ಹೇಳಿದಳು. ಆದರೆ ಆಮೇಲೆ ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿದ ರೀತಿ ಕಂಡು ನನಗೆ ನಿಜವಾಗಿಯೂ ಸಂಕಟವಾಯಿತು. ಮೆಷಿನ್ನನ್ನು ಕೆಳಗಿಳಿಸೋಣವೆಂದರೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜನ್ನು ಬಡಗಿ ಆ ಕೋಣೆಯಲ್ಲೇ ಕೂತು ಮಾಡಿದ್ದ. ಅದು ಮೆಟ್ಟಿಲು ಇಳಿಯುವ ಪೈಕಿಯದಲ್ಲ. ವೈರ್‌ಮನ್ನನ್ನು ಕರೆದರೆ "ಸೋಮವಾರ ಬರ್ತೀನಿ ಸಾರ್" ಎಂದ. ಭಾನುವಾರದ ಕ್ಲಾಸಿಗೆ ಸೋಮವಾರ ಬರುವವನನ್ನು ಕಟ್ಟಿಕೊಂಡು ಏನು ಮಾಡಲಿ? ನಾನೇ ಕಣಕ್ಕಿಳಿದೆ!

ಅಂಗಡಿಯವನು ಮೂರು ಬಿಳಿ ಡಬ್ಬಿ ಕೊಟ್ಟ. "ಇದಕ್ಕೆ ಮೆಶ್ ಅಂತಾರೆ ಸಾರ್. ಮಹಡಿಗೊಂದು ಡಬ್ಬಿ ಇಡಿ. ಕೆಳಗಿಂದ ನಡುವಿಗೆ ಒಂದು ಕೇಬಲ್ಲು, ನಡುವಿನಿಂದ ಮೇಲಕ್ಕೆ ಒಂದು ಕೇಬಲ್ಲು. ಮನೆಗೆಲ್ಲ ಒಂದೇ ವೈಫೈ" ಎಂದ. ಎರಡು ತುದಿಗೂ ಪ್ಲಗ್ ಇದ್ದ ಉದ್ದನೆಯ ರೆಡಿಮೇಡ್ ಕೇಬಲ್ಲುಗಳನ್ನೂ ಕೊಟ್ಟ. ಮನೆ ಕಟ್ಟುವಾಗಲೇ ಟೀವಿಗೆ, ಟೆಲಿಫೋನಿಗೆ ಎಂದು ಗೋಡೆಯೊಳಗೆ ಪೈಪು ಹಾಕಿಸಿದ್ದರು. ಇನ್ನೇನು ಉಳಿಯಿತು? ತೂರಿಸುವುದು, ಸಿಕ್ಕಿಸುವುದು, ಚಪ್ಪಾಳೆ ತಟ್ಟಿಸಿಕೊಳ್ಳುವುದು!

ಭಾನುವಾರ ಮಧ್ಯಾಹ್ನ ಒಂದೂವರೆಗೆ ನಡುಮಹಡಿಯ ಗೋಡೆಯ ಮುಚ್ಚಳ ಬಿಚ್ಚಿದೆ. ಒಳಗೆ ಮೂರು ಪೈಪಿನ ಬಾಯಿ. ಎಡಗಡೆಯದಕ್ಕೆ ಮೊದಲ ಕೇಬಲ್ಲು ತೂರಿಸಿದೆ. ಅದು ಸರ್ರನೆ ಇಳಿದು ಅತ್ತೆಯ ಕೋಣೆಯ ಟೀವಿ ಹಿಂದೆ ತಲೆ ಹಾಕಿತು! ಎರಡೂ ತುದಿ ಸಿಕ್ಕಿಸಿದೆ. ನಡುಮಹಡಿಯಲ್ಲಿ ವೈಫೈ ಧೋ ಎಂದು ಸುರಿಯಿತು! ನಾನು ಮೀಸೆಯ ಮೇಲೆ ಕೈಯಾಡಿಸಿಕೊಂಡೆ.

ಉಳಿದದ್ದು ಎರಡು ಬಾಯಿ, ಒಂದರ ಮೇಲೊಂದು. ಯಾವುದು ಮೇಲಕ್ಕೆ ಹೋಗುತ್ತದೆ?

"ಅಪ್ಪಾ, ಮೊದಲು ಟಾರ್ಚ್ ಬಿಟ್ಟು ನೋಡೋಣ" ಎಂದಳು ಮಗಳು.

"ಇದಕ್ಕೆ ಟಾರ್ಚ್ ಯಾಕಮ್ಮ, ತಲೆ ಸಾಕು. ಮೇಲಿನ ತೂತು ಮೇಲಕ್ಕೆ, ಕೆಳಗಿನ ತೂತು ಕೆಳಕ್ಕೆ. ನೀನು ಮೇಲೆ ಹೋಗಿ ಪೈಪಿನ ಬಾಯಿ ಹತ್ರ ನಿಂತ್ಕೊ. ತುದಿ ಬಂದ ತಕ್ಷಣ ಹಿಡ್ಕೊ."

ತೂರಿಸಿದೆ. ಆಹಾ! ಅದೇನು ಸಲೀಸು! ಒಂದು ಮೀಟರು, ಎರಡು ಮೀಟರು, ಐದು ಮೀಟರು. ತಡೆಯೇ ಇಲ್ಲ. ತಳ್ಳುವುದೂ ಬೇಡ, ಬೆರಳು ಸಡಿಲಿಸಿದರೆ ತಾನಾಗಿಯೇ ಹೋಗುತ್ತಿದೆ!

"ಬಂತಾ?" ಎಂದು ಕೂಗಿದೆ.

"ಇಲ್ಲಪ್ಪಾ!"

ಹತ್ತು ಮೀಟರು. "ಬಂತಾ?"

"ಏನೂ ಇಲ್ಲ!"

"ಸರಿಯಾಗಿ ನೋಡೇ! ಹತ್ತು ಮೀಟರು ಕಳಿಸಿದೀನಿ!"

"ಹತ್ತು ಮೀಟರಿಗೆ ತಾರಸಿ ದಾಟಿ ನೀರಿನ ಟ್ಯಾಂಕಿಗೆ ಹೋಗಿರತ್ತೆ ಅಪ್ಪಾ!"

ಪೈಪು ಒಳಗೆಲ್ಲೋ ಸುತ್ತಿ ಬಳಸಿ ಹೋಗಿರಬೇಕು ಎಂದುಕೊಂಡೆ. ನದಿಗಳು ಕೂಡ ಹಾಗೆಯೇ ತಾನೆ! ನೀರು ಎತ್ತರದಿಂದ ತಗ್ಗಿಗೆ ಹರಿಯುತ್ತದೆಂದು ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ, ಕೈಬಿಟ್ಟರೆ ತಾನಾಗಿ ಹೋಗುವ ಕೇಬಲ್ಲು ಯಾವ ದಿಕ್ಕಿಗೆ ಹೋಗುತ್ತಿರಬಹುದು ಎಂಬ ಅನುಮಾನ ಒಂದಿಷ್ಟಾದರೂ ಬರಬೇಕಿತ್ತು. ಬರಲಿಲ್ಲ. ಕೊನೆಗೆ ಕೈಯಲ್ಲಿ ಉಳಿದದ್ದು ಗೇಣುದ್ದ ಬಾಲ. "ತುದಿ ಆಮೇಲೆ ಹುಡುಕಿದರಾಯಿತು, ಈ ಕಡೆಯದನ್ನು ಸಿಕ್ಕಿಸಿಬಿಡೋಣ" ಎಂದು ಅದನ್ನು ನಡುಮಹಡಿಯ ಡಬ್ಬಿಗೆ ಚುಚ್ಚಿದೆ.

ಡಬ್ಬಿಯ ದೀಪಗಳು ಪಟಪಟ ಮಿನುಗತೊಡಗಿದವು. ಹಸಿರು, ಕಿತ್ತಳೆ, ಮತ್ತೆ ಹಸಿರು. "ನೋಡೇ! ಎಷ್ಟು ಜೋರಾಗಿ ಕೆಲಸ ಮಾಡ್ತಿದೆ!" ಎಂದು ನಾನು ಕುಣಿಯುವುದಕ್ಕೂ, ಇಡೀ ಮನೆಯ ಇಂಟರ್‌ನೆಟ್ಟು ಒಮ್ಮೆಲೇ ನೆಗೆದುಬೀಳುವುದಕ್ಕೂ ಸರಿಹೋಯಿತು. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತ್ತು!

ಗಡಿಯಾರ ನೋಡಿದೆ. ಮೂರೂಕಾಲು.

ಮೇಲಿನಿಂದ ನನ್ನಾಕೆ ಇಳಿದುಬಂದಳು. ಕೊರಳಲ್ಲಿ ಅಳತೆ ಟೇಪು, ತಲೆಗೆ ಹೊಸ ಕ್ಲಿಪ್ಪು. ಆ ಕ್ಲಿಪ್ಪು ನೋಡಿದವನೇ ಮಿನುಗುವ ಡಬ್ಬಿಗೆ ಬೆನ್ನು ಅಡ್ಡಹಿಡಿದು ನಿಂತೆ.

"ಏನ್ರೀ ಮಾಡಿದ್ರಿ?"

"ಏನೂ ಇಲ್ಲ ಕಣೇ. ಸಿಗ್ನಲ್ಲು ಸ್ವಲ್ಪ ಜಾಸ್ತಿಯಾಗಿದೆ, ಡಬ್ಬಿಗೆ ಅರಗ್ತಾ ಇಲ್ಲ."

ಅವಳು ಬೈದರೆ ನನಗೆ ಭಯವಿಲ್ಲ. ತಣ್ಣಗೆ ಮಾತಾಡಿದರೇ ಭಯ. "ಹೋಗ್ಲಿ, ಅಮ್ಮನ ಕೋಣೇಲಿ ಕೂತು ಬರೀ ಬಾಯಲ್ಲೇ ಹೇಳ್ತೀನಿ" ಎಂದು ತಣ್ಣಗೆ ಹೇಳಿ ಕೆಳಗಿಳಿದಳು. ಕೆಳಗೂ ನೆಟ್ಟು ಸತ್ತಿದೆ ಎಂದು ಹೇಳಲು ನಾಲಿಗೆ ಏಳದೆ ನಾನೂ ಹಿಂದೆ ನಡೆದೆ, ನನ್ನ ಹಿಂದೆ ಮಗಳು.

ಅತ್ತೆ ಮಂಚದ ಮೇಲೆ ಪ್ರಸನ್ನವದನರಾಗಿ ಕೂತಿದ್ದರು. ಮಡಿಲಲ್ಲಿ ಕುಂಬಳಕಾಯಿ ಗಾತ್ರದ ಒಂದು ಉಂಡೆ. ನೀಟಾಗಿ ಸುತ್ತಿದ, ನಡುವೆ ರಿಬ್ಬನ್ ಕಟ್ಟಿದ, ನನ್ನ ಕೇಬಲ್ಲು!

"ಅಮ್ಮಾ, ಇದೆಲ್ಲಿ ಸಿಕ್ತು?"

"ಮಂಚದ ಹಿಂದೆ ಹಳೇ ಟೆಲಿಫೋನಿನ ತೂತಿದೆಯಲ್ಲ, ಅಲ್ಲಿಂದ ಬಂತಮ್ಮ. ಅಳಿಯಂದಿರು ಮೇಲಿಂದ ಕಳಿಸ್ತಾನೇ ಇದ್ರು, ನಾನು ಸುತ್ತುತಾನೇ ಇದ್ದೆ. ಅರ್ಧ ಗಂಟೆ ಕಳಿಸಿದ್ರು, ಪಾಪ!"

"ಅತ್ತೆ, ಒಂದು ಮಾತು ಕೂಗಿ ಹೇಳಬಾರದಿತ್ತೇ?" ಎಂದೆ ಅಳುವ ದನಿಯಲ್ಲಿ.

"ಅಯ್ಯೋ, ಅಳಿಯಂದಿರು ಕೊಟ್ಟಿದ್ದನ್ನ ಬೇಡ ಅನ್ನಕ್ಕಾಗತ್ತಾ? ತುದೀಲಿ ಒಂದು ಪ್ಲಗ್ಗಿತ್ತು. ಈ ಡಬ್ಬೀಲಿ ಒಂದು ತೂತು ಖಾಲಿ ಇತ್ತು. ನಿಮಗೆ ಯಾಕೆ ಮತ್ತೆ ಇಳಿಯೋ ತೊಂದ್ರೆ ಅಂತ ನಾನೇ ಸಿಕ್ಕಿಸಿಬಿಟ್ಟೆ."

ಮಗಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಪ್ಪಾ! ಕೆಳಗಿನ ಡಬ್ಬಿಗೂ ನಡುವಿನ ಡಬ್ಬಿಗೂ ಎರಡೆರಡು ಕೇಬಲ್ಲು! ಇಂಟರ್‌ನೆಟ್ಟು ಒಂದರಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿದು ಗಿರಿಗಿರಿ ಸುತ್ತುತಾ ಇದೆ!"

ಅವಳು ಪ್ಲಗ್ ಕಿತ್ತಳು. ಅರೆ ನಿಮಿಷದಲ್ಲಿ ದೀಪಗಳು ಬುದ್ಧಿವಂತರಂತೆ ತಣ್ಣಗೆ ಉರಿದವು, ಅತ್ತೆಯ ಧಾರಾವಾಹಿಯ ನಾಯಕಿ ನಿಲ್ಲಿಸಿದ್ದ ಅಳುವನ್ನು ಮುಂದುವರಿಸಿದಳು. ನನ್ನಾಕೆಯ ಮುಖ ಮಾತ್ರ ಅರಳಲಿಲ್ಲ.

"ಮೇಲಕ್ಕೆ ಹೋಗೋ ಕೇಬಲ್ಲು?"

"ಕೆಳಗಿನ ತೂತಿಗೆ ತಳ್ತೀನಿ..." ಎಂದೆ.

"ಪೈಜಾಮಕ್ಕೆ ಲಾಡಿ ಹಾಕೋವಾಗ ಯಾರಾದ್ರೂ ಲಾಡೀನ ತಳ್ತಾರೇನ್ರೀ? ಪಿನ್ನು ಮುಂದೆ ಹೋಗ್ಬೇಕು, ಲಾಡಿ ಹಿಂದೆ ಬರ್ಬೇಕು. ಬನ್ನಿ!"

ಮೂರೂವರೆ. ಅವಳು ದಪ್ಪ ದಾರದ ತುದಿಗೆ ಮೆಷಿನ್ನಿನಲ್ಲಿ ದಾರ ಸುತ್ತುವ ಪುಟ್ಟ ಉಕ್ಕಿನ ಬಾಬಿನ್ ಕಟ್ಟಿ, ಹೊಲಿಗೆ ಕೋಣೆಯ ಪೈಪಿನೊಳಗೆ ಇಳಿಬಿಟ್ಟಳು. ಟಣ್, ಟಣ್, ಟಣ್! ನಡುಮಹಡಿಯಲ್ಲಿ, ನಾನು ಕೆಳಕ್ಕೆ ಹೋಗುತ್ತದೆಂದು ತೀರ್ಮಾನಿಸಿದ್ದ ಬಾಯಿಂದಲೇ, ಬಾಬಿನ್ನು ಮಗಳ ಅಂಗೈಗೆ ಬಿತ್ತು. ಮಗಳು ತಪ್ಪು ಪೈಪಿನಿಂದ ಕೇಬಲ್ಲನ್ನು ಹಿಂದಕ್ಕೆಳೆದುಕೊಂಡು, ದಾರಕ್ಕೆ ಕಟ್ಟಿ ಟೇಪು ಸುತ್ತಿದಳು. ಮೊಣಕಾಲು ನೋವೆಂದು ವರ್ಷದಿಂದ ಮೆಟ್ಟಿಲು ಹತ್ತದ ಅತ್ತೆ, ಸೋಪಿನ ತುಂಡು ಹಿಡಿದು ಹತ್ತಿಬಂದು, "ಬಳೆ ಏರಿಸೋ ಹಾಗೆ ಸೋಪು ಹಚ್ಚಿ" ಎಂದು ತಾವೇ ಕೇಬಲ್ಲಿಗೆ ಸವರಿದರು. ಮೇಲಿನಿಂದ ನನ್ನಾಕೆ ಎಳೆದಳು.

"ನಾನೇನು ಮಾಡ್ಲಿ?" ಎಂದು ಕೂಗಿದೆ.

"ಏನೂ ಮಾಡ್ಬೇಡಿ! ಅದೇ ದೊಡ್ಡ ಉಪಕಾರ!"

ಮೂರು ಐವತ್ತಾರಕ್ಕೆ ಮೇಲಿನ ಡಬ್ಬಿಯ ದೀಪ ಹಸಿರಾಗಿ ನಿಂತಿತು. ನಾಲ್ಕಕ್ಕೆ ಪರದೆಯ ಮೇಲೆ ಮೂವತ್ತೆರಡು ಮುಖಗಳು ಸಾಲಾಗಿ ಮೂಡಿದವು. ನನ್ನಾಕೆ ನಮಸ್ಕಾರ ಹೇಳಿದಳು, ಕತ್ತರಿ ಹಿಡಿದಳು, ತಪ್ಪು ಹೊಲಿಗೆ ಬಿಚ್ಚುವುದರಿಂದ ಶುರುಮಾಡಿ ಒಂದು ಗಂಟೆ ಪಾಠ ಮಾಡಿದಳು. ಚಿತ್ರ ಒಂದು ಕ್ಷಣವೂ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಕಣ್ಣು ಒದ್ದೆಯಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅತ್ತೆ ಕೆಳಗೆ ತಮ್ಮ ಫೋನಿನಲ್ಲಿ, ಮಗಳು ನಡುವೆ ತನ್ನ ಫೋನಿನಲ್ಲಿ ಅದೇ ಕ್ಲಾಸಿಗೆ ಸೇರಿಕೊಂಡಿದ್ದರು.

ಕೊನೆಯಲ್ಲಿ ಒಬ್ಬ ಶಿಷ್ಯೆ ಕೇಳಿದಳು: "ಮೇಡಮ್, ಹೋದ ವಾರಕ್ಕೂ ಈ ವಾರಕ್ಕೂ ಅಜಗಜಾಂತರ! ಎಷ್ಟು ಸ್ಪಷ್ಟವಾಗಿ ಕಾಣ್ತಿದೆ! ವೈಫೈ ಕೆಲಸ ಯಾರು ಮಾಡಿದ್ದು?"

ನಾನು ಬಾಗಿಲಲ್ಲೇ ಕಾಲರು ಸರಿಮಾಡಿಕೊಂಡೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ!

"ಎಲ್ಲಾ ಸೇರಿ ಮಾಡಿದ್ವಿ. ಆದ್ರೆ ನಮ್ಮ ಮನೆಯವರು ಇಲ್ದಿದ್ರೆ ಇವತ್ತಿನ ಪಾಠಾನೇ ಇರ್ತಿರ್ಲಿಲ್ಲ" ಎಂದಳು ನನ್ನಾಕೆ. ನನ್ನ ಎದೆ ಎರಡಿಂಚು ಉಬ್ಬಿತು. ಅವಳು ನನ್ನತ್ತ ತಿರುಗಿ ಪ್ರೀತಿಯಿಂದ ನಕ್ಕು ಮಾತು ಮುಂದುವರಿಸಿದಳು: "ಹೊಲಿಯೋದಕ್ಕಿಂತ ಮೊದಲು ತಪ್ಪು ಹೊಲಿಗೆ ಬಿಚ್ಚೋದು ಕಲೀಬೇಕು ಅಂದೆನಲ್ಲ? ಅದಕ್ಕೆ ಯಾರಾದ್ರೂ ಒಬ್ರು ಮೊದಲು ತಪ್ಪಾಗಿ ಹೊಲೀಬೇಕಲ್ವಾ?"

ಮೂವತ್ತೆರಡು ಮುಖಗಳೂ ಒಮ್ಮೆಲೇ ನಕ್ಕವು. ನಡುಮಹಡಿಯಿಂದ ಮಗಳ ನಗು, ಕೆಳಗಿನಿಂದ ಅತ್ತೆಯ ನಗು. ಎಲ್ಲೂ ತಡೆಯಲಿಲ್ಲ, ಎಲ್ಲೂ ತುಂಡಾಗಲಿಲ್ಲ. ಮೂರು ಮಹಡಿಯಲ್ಲೂ ಸಿಗ್ನಲ್ಲು ಒಂದೇ ಸಮ!