ಚೀನಾದ ಅತಿಥಿ ಮತ್ತು ನಾಲ್ಕು ಮನೆಯ ಉಡಿ

ಹತ್ತಿರದ ಊರುಗಳ ವಿಷಯದಲ್ಲಿ ನಾನು ಸುಳ್ಳು ಹೇಳುತ್ತೇನೆ. ದೂರದ ಊರುಗಳ ವಿಷಯದಲ್ಲಿ ಹೇಳುವುದಿಲ್ಲ. ಕಾಶಿ ನೋಡಿಲ್ಲ, ದಿಲ್ಲಿ ನೋಡಿಲ್ಲ ಎಂದು ಧಾರಾಳವಾಗಿ ಒಪ್ಪಿಕೊಳ್ಳುತ್ತೇನೆ. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನೂ ಇಲ್ಲ. ಆದರೆ ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದು, ಅಲ್ಲಿಯದೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು, ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಸಿಗುವ ಬಾದಾಮಿಯ ಗುಹೆಗಳನ್ನು ನೋಡಿಲ್ಲ ಎಂದು ಯಾವ ಬಾಯಿಂದ ಹೇಳಬೇಕು? ಹಾಗೆಂದು ಬಾದಾಮಿಗೆ ಹೋಗಿಲ್ಲವೆಂದಲ್ಲ. ಮದುವೆಗೆ ಹೋಗಿದ್ದೇನೆ, ತೊಟ್ಟಿಲಿಗೆ ಹೋಗಿದ್ದೇನೆ, ಅಣ್ಣನಿಗೆ ಹೆಣ್ಣು ನೋಡಲು ಹೋಗಿದ್ದೇನೆ. ಪ್ರತಿಸಲವೂ ಊಟವಾದ ಮೇಲೆ ಗುಡ್ಡ ಹತ್ತಬೇಕೆಂದು ನಿಶ್ಚಯಿಸಿ, ಊಟವಾದ ಮೇಲೆ ಮಲಗಿದ್ದೇನೆ. ಶಾಲೆಯಲ್ಲಿದ್ದಾಗ ಒಮ್ಮೆ ಮಾಸ್ತರರು ಮೇಲೆ ಕರೆದೊಯ್ದಿದ್ದರು. ಮೊದಲನೆಯ ಗುಹೆಯ ಮುಂದೆ ಕೂತು ಬುತ್ತಿ ಬಿಚ್ಚಿದೆವು, ಮಂಗಗಳು ಬಂದವು, ನಾವು ಬುತ್ತಿ ಬಿಟ್ಟು ಓಡಿದೆವು. ಚಾಲುಕ್ಯರೊಂದಿಗೆ ನನ್ನ ಪರಿಚಯ ಅಲ್ಲಿಗೆ ನಿಂತಿತ್ತು.

ಇದು ಗೊತ್ತಿಲ್ಲದ ಧಾರವಾಡದ ಗೆಳೆಯನೊಬ್ಬ ಎಂಬತ್ತರ ದಶಕದಲ್ಲಿ ನನಗೊಂದು ಪತ್ರ ಬರೆದ. ಅವರಲ್ಲಿ ನಡೆದ ವಿಚಾರಗೋಷ್ಠಿಗೆ ಚೀನಾದ ಷಿಯಾನ್ ನಗರದಿಂದ ಶ್ರೀಮತಿ ಲಿನ್ ಎಂಬ ಇತಿಹಾಸದ ಅಧ್ಯಾಪಕಿ ಬಂದಿದ್ದಾರೆ, ಅವರಿಗೆ ಬಾದಾಮಿ ನೋಡಲು ಒಂದೇ ಒಂದು ದಿನ ಬಿಡುವಿದೆ, ತೋರಿಸುವ ಕೆಲಸ ನಿನ್ನದು ಎಂದು. ಕೊನೆಗೆ, ‘ಬಾದಾಮಿ ನಿನ್ನ ಹಿತ್ತಲಿದ್ದಂತೆ ಎಂದು ನೀನೇ ಎಷ್ಟೋ ಸಲ ಹೇಳಿದ್ದೀಯಲ್ಲ’ ಎಂದು ಸೇರಿಸಿದ್ದ. ನಾನು ಕಾಲೇಜಿನ ಗ್ರಂಥಾಲಯದಿಂದ ಒಂದು ತೆಳ್ಳಗಿನ ಪುಸ್ತಕ ತಂದು ಮೂರು ದಿನ ಬಾಯಿಪಾಠ ಮಾಡಿದೆ. ಪರೀಕ್ಷೆಯ ಹಿಂದಿನ ದಿನ ಓದುವ ಹುಡುಗರನ್ನು ಬೈಯುವುದನ್ನು ಅಂದಿನಿಂದ ಬಿಟ್ಟಿದ್ದೇನೆ.

ಶ್ರೀಮತಿ ಲಿನ್ ಹಿಂದಿನ ದಿನ ಸಂಜೆಯೇ ವಿದ್ಯಾಗಿರಿಯ ನಮ್ಮ ಮನೆಗೆ ಬಂದರು. ನಲವತ್ತರ ಆಸುಪಾಸಿನ, ಮೆಲುದನಿಯ ಹೆಂಗಸು. ಊಟದ ಹೊತ್ತಿಗೆ ತಾವು ಬಂದ ಕಾರಣ ಹೇಳಿದರು. ಅವರ ತಂದೆಯೂ ಇತಿಹಾಸದ ಮೇಷ್ಟ್ರು. ಹದಿಮೂರು ಶತಮಾನಗಳ ಹಿಂದೆ ಅವರ ನಾಡಿನ ಬೌದ್ಧ ಭಿಕ್ಷುವೊಬ್ಬ ನಡೆದು ಬಂದು ನಮ್ಮ ಚಾಲುಕ್ಯ ದೊರೆಯ ಬಗ್ಗೆ ಬರೆದದ್ದನ್ನು ಜೀವನವಿಡೀ ಪಾಠ ಹೇಳಿದವರು. ಈಗ ಹಾಸಿಗೆ ಹಿಡಿದಿದ್ದಾರೆ. ಮೂರನೆಯ ಗುಹೆಯಲ್ಲಿ ಶೇಷನ ಮೇಲಿರುವ ವಿಷ್ಣುವಿನ ಚಿತ್ರವನ್ನು ಮಗಳು ಕೈಯಾರೆ ಬರೆದು ತರಬೇಕೆಂದು ಹೇಳಿ ಕಳಿಸಿದ್ದಾರೆ. ಫೋಟೋ ಬೇಡವಂತೆ. ಫೋಟೋ ನೋಡಿದರೆ ನೀನು ಅಲ್ಲಿ ಎಷ್ಟು ಹೊತ್ತು ನಿಂತಿದ್ದೆ ಎಂಬುದು ಗೊತ್ತಾಗುವುದಿಲ್ಲ ಎಂದರಂತೆ. ಬರೆಯಲು ಒಂದೂವರೆ ತಾಸಾದರೂ ಬೇಕು ಎಂದರು ಆಕೆ. ‘ಒಂದೂವರೆ ಏನು, ಮೂರು ತಾಸು ಕೊಡಿಸುತ್ತೇನೆ’ ಎಂದೆ ನಾನು.

ಮರುದಿನ ಏಳರ ಬಸ್ಸಿಗೆ ಹೊರಡುವುದೆಂದು ಮಾತಾಗಿತ್ತು. ಆರೂವರೆಗೆ ನನ್ನ ಹೆಂಡತಿ ಗಿರಿಜಾ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಳು. ‘ಲೀನಾಬಾಯಿಗೆ ಮದುವಿ ಆಗೇತಿ ಹೌದಲ್ರೀ?’ ಎಂದಳು. ಆಗಿದೆ ಎಂದೆ. ‘ಹಂಗಾದ್ರ ಉಡಿ ತುಂಬಲಾರದ ಹೆಂಗ ಕಳಸೂದು?’ ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಕೊಂಬು, ಬಾಳೆಹಣ್ಣು, ಮೇಲೊಂದು ಕುಪ್ಪಸಕ್ಕಾಗುವ ಗುಳೇದಗುಡ್ಡದ ಖಣ ಹಾಕಿ ಕಳಿಸದಿದ್ದರೆ ಅವಮಾನ ಬಂದವಳಿಗಲ್ಲ, ಮನೆಗೆ. ಸರಿ, ಐದು ನಿಮಿಷದ ಕೆಲಸ ಎಂದುಕೊಂಡೆ. ಆದರೆ ಅತಿಥಿ ತೊಟ್ಟಿದ್ದು ಪ್ಯಾಂಟು ಮತ್ತು ಅಂಗಿ. ಗಿರಿಜಾ ಆಕೆಯನ್ನು ಮೇಲಿಂದ ಕೆಳಗೆ ನೋಡಿ, ‘ಸೆರಗಿಲ್ಲ, ಉಡಿ ಎಲ್ಲಿ ತುಂಬ್ಲಿ?’ ಎಂದು ಒಂದು ಕ್ಷಣ ಚಿಂತೆ ಮಾಡಿದಳು. ಆಮೇಲೆ ಟ್ರಂಕು ತೆಗೆದಳು.

ತವರಿನವರು ಕೊಟ್ಟಿದ್ದ, ಒಂದು ಸಲವೂ ಉಡದ ಇಳಕಲ್ ಸೀರೆ ಹೊರಬಂತು. ಉಡಿಸುವುದಕ್ಕೆ ಒಂದು ತಾಸು ಹಿಡಿಯಿತು. ನಡುವೆ ನಗು ಕೇಳಿಸುತ್ತಿತ್ತು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರು ಹೆಂಗಸರು ಅಷ್ಟೊಂದು ಏನು ಮಾತಾಡಿದರೋ ನನಗೆ ಇವತ್ತಿಗೂ ತಿಳಿದಿಲ್ಲ. ಶ್ರೀಮತಿ ಲಿನ್ ಕೆಂಪು ಸೆರಗಿನಲ್ಲಿ ಉಡಿ ಕಟ್ಟಿಕೊಂಡು ಹೊರಬಂದಾಗ ಆಕೆಯ ಮುಖ ಬೆಳಗುತ್ತಿತ್ತು. ಏಳರ ಬಸ್ಸು ಹೋಗಿತ್ತು. ಎಂಟರದು ಬರಲಿಲ್ಲ. ಮಕ್ಕಳ ಪರೀಕ್ಷೆ ಇದ್ದುದರಿಂದ ಗಿರಿಜಾ ನಮ್ಮ ಜೊತೆ ಹೊರಡಲಿಲ್ಲ. ಬಾಗಿಲಲ್ಲೇ ನಿಂತು, ‘ಬಾದಾಮ್ಯಾಗ ಗೌರತ್ತಿ ಮನಿಗಿ ಹೋಗಲಾರದ ಬಂದೀರಿ ಮತ್ತ!’ ಎಂದು ಎಚ್ಚರಿಸಿದಳು.

ಬಸ್ಸಿನಲ್ಲಿ ಶ್ರೀಮತಿ ಲಿನ್ ತಮ್ಮ ಊರಿನ ಬಗ್ಗೆ ಹೇಳಿದರು. ಹಳೆಯ ರಾಜಧಾನಿ, ಸುತ್ತಲೂ ಕೋಟೆಗೋಡೆ, ಗೋಡೆಯ ಮೇಲೆ ಹತ್ತು ಮಂದಿ ಅಕ್ಕಪಕ್ಕ ನಡೆಯುವಷ್ಟು ಅಗಲ. ಯಾರಾದರೂ ಅತಿಥಿ ಬಂದರೆ ಆಕೆಯೇ ಇಡೀ ದಿನ ಜೊತೆಗೆ ನಡೆದು ಒಂದೊಂದು ಬುರುಜನ್ನೂ ತೋರಿಸುತ್ತಾರಂತೆ. ‘ನೀವೂ ಹಾಗೇ ಅಲ್ಲವೇ?’ ಎಂದು ಕೇಳಿದರು. ಹಾಗೇ ಎಂದೆ. ಮೂರನೆಯ ಗುಹೆಯ ವಿಷ್ಣುವಿನ ಬಗ್ಗೆ ಕೇಳಿದಾಗ ಮಾತ್ರ ಪುಸ್ತಕದ ಆ ಪುಟ ನೆನಪಾಗದೆ, ಕಣ್ಣಾರೆ ನೋಡಿಯೇ ಸವಿಯಬೇಕು ಎಂದು ಕಿಟಕಿಯ ಹೊರಗೆ ನೋಡಿದೆ.

ಗಿರಿಜಾಳ ಸೋದರತ್ತೆ ಗೌರತ್ತೆಯ ಮನೆ ಗುಹೆಗಳಿಗೆ ಹೋಗುವ ದಾರಿಯಲ್ಲೇ ಇದೆ. ತಪ್ಪಿಸಿಕೊಳ್ಳಲು ಬೇರೆ ದಾರಿಯಿಲ್ಲ. ಹತ್ತೇ ನಿಮಿಷವೆಂದು ಒಳಹೊಕ್ಕೆವು. ‘ಬಿಸಲಾಗ ಗುಡ್ಡ ಹತ್ತತಾರೇನ್ರಿ ಅಳ್ಯಾರ? ಎರಡು ರೊಟ್ಟಿ ತಿಂದ ಹೋಗ್ರಿ’ ಎಂದರು ಗೌರತ್ತೆ. ಎರಡು ರೊಟ್ಟಿ ಎಂದರೆ ಎಷ್ಟೆಂದು ನಮ್ಮ ಕಡೆಯವರಿಗೆ ಗೊತ್ತು. ಎಣ್ಣೆಗಾಯಿ ಬಂತು, ಶೇಂಗಾ ಹಿಂಡಿ ಬಂತು, ಮೊಸರು ಬಂತು. ಊಟ ಮುಗಿದ ಕೂಡಲೇ ಉಡಿ. ಚೀನಾದ ಹೆಂಗಸು ಇಳಕಲ್ ಸೀರೆ ಉಟ್ಟು ಬಂದಿದ್ದಾಳೆಂಬ ಸುದ್ದಿ ಅಷ್ಟರಲ್ಲಿ ಓಣಿಯಲ್ಲಿ ಹಬ್ಬಿತ್ತು. ಎಡಮನೆಯವರು ಕರೆದರು, ಅಲ್ಲಿಗೆ ಹೋದಮೇಲೆ ಬಲಮನೆಗೆ ಹೋಗದಿದ್ದರೆ ಗೌರತ್ತೆ ವರ್ಷಗಟ್ಟಲೆ ಮಾತು ಕೇಳಬೇಕಾಗುತ್ತಿತ್ತು. ಎರಡೂ ಕಡೆ ಚಹಾ, ಎರಡೂ ಕಡೆ ಉಡಿ. ಶ್ರೀಮತಿ ಲಿನ್ ಪ್ರತಿಯೊಬ್ಬರಿಗೂ ತಲೆಬಾಗಿ ಸೆರಗು ಒಡ್ಡಿದರು. ಆದರೆ ನಾಲ್ಕನೆಯ ತೆಂಗಿನಕಾಯಿ ಬಿದ್ದಾಗ ಗಡಿಯಾರದ ಕಡೆ ಕಣ್ಣು ಹಾಯಿಸಿದ್ದನ್ನು ನಾನು ನೋಡಿದೆ. ಮೂರು ಗಂಟೆ ದಾಟಿತ್ತು. ಆರಕ್ಕೆ ಗದಗಿನ ಕಡೆಯ ರೈಲು. ಸ್ಟೇಷನ್ನು ಊರಿಂದ ದೂರ, ಟಾಂಗಾದಲ್ಲಿ ಹೋಗಬೇಕು. ಹಾಸಿಗೆ ಹಿಡಿದ ಆ ತಂದೆ ಕೇಳಿದ ಚಿತ್ರವನ್ನು ನಾನೇ ರೊಟ್ಟಿಯ ಕೆಳಗೆ ಹೂತುಹಾಕಿದೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ನಾಲ್ಕು ಮನೆಯ ಉಡಿ ಸೆರಗಿಗೆ ಹಿಡಿಸದೆ, ಗೌರತ್ತೆ ಎಲ್ಲವನ್ನೂ ಒಂದು ಧೋತರದಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. ‘ಅಳ್ಯಾರ, ಉಡಿ ನೆಲಕ್ಕ ಇಡಬ್ಯಾಡ್ರಿ. ಆಕಿ ಮನಿ ದೇವರ ಮುಂದನ ಇಳಸಬೇಕು.’

‘ಆಕಿ ಮನಿ ಚೀನಾದಾಗ ಐತ್ರಿ ಅತ್ತಿ.’

‘ಎಲ್ಲೆರ ಇರ್ಲಿ. ಗಾಡಿ ಹತ್ತೂತನಕ ನೀವು ಹಿಡೀರಿ, ಮುಂದ ಆಕಿ ಹಿಡೀತಾಳ.’

ಆ ಗಂಟು ಹೊತ್ತು, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದೆ. ಮೊದಲನೆಯ ಗುಹೆಯ ಹತ್ತಿರ ಎರಡು ಮಂಗಗಳು ಹಿಂದೆ ಬಿದ್ದವು. ಎರಡನೆಯದನ್ನು ದಾಟುವಾಗ ಏಳೆಂಟು. ಬಾಳೆಹಣ್ಣಿನ ವಾಸನೆ ಧೋತರದೊಳಗಿಂದಲೂ ಅವಕ್ಕೆ ತಿಳಿಯುತ್ತದೆ. ಮೂರನೆಯ ಗುಹೆಯ ಅಂಗಳ ಮುಟ್ಟುವಾಗ ಮೂರೂವರೆ. ಅಲ್ಲಿಯ ಕಾವಲುಗಾರ ಮೌಲಾಸಾಬ, ವಯಸ್ಸಾದ ಮನುಷ್ಯ, ನನ್ನ ಮೆರವಣಿಗೆ ನೋಡಿ ಎದ್ದು ಬಂದ. ‘ಸಾಹೇಬ್ರ, ಆ ಗಂಟ ಅವಕ್ಕ ಒಗದ ಬಿಡ್ರಿ’ ಎಂದ. ‘ಉಡೀರಿ ಅದು, ಹೆಂಗ ಒಗೀಲಿ?’ ಎಂದೆ. ಅವನಿಗೆ ಕೂಡಲೇ ಅರ್ಥವಾಯಿತು. ‘ಉಡಿ ಅಂದ್ರ ಒಗ್ಯಾಕ ಬರಂಗಿಲ್ಲ ಖರೆ. ಆದ್ರ ನೀವು ಒಳಗ ಹೋಗಬ್ಯಾಡ್ರಿ. ನೀವು ಹೋದ್ರ ಅವೂ ಬರ್ತಾವು, ಬಾಯಾರ ಕಾಗದ ಹರದ ಹಾಕ್ತಾವು’ ಎಂದು ತನ್ನ ಕೋಲನ್ನು ನನಗೆ ಕೊಟ್ಟು, ಆಕೆಯನ್ನು ಒಳಗೆ ಕರೆದೊಯ್ದ.

ಹೀಗೆ ನಾನು ಅಂಗಳದ ತುದಿಯಲ್ಲಿ, ಗುಹೆಗೆ ಬೆನ್ನು ಮಾಡಿ, ಎಡಗೈಯಲ್ಲಿ ಗಂಟು, ಬಲಗೈಯಲ್ಲಿ ಕೋಲು ಹಿಡಿದು ನಿಂತೆ. ತಿರುಗಿ ನೋಡಿದರೆ ಒಂದು ಮಂಗ ಧೋತರಕ್ಕೆ ಕೈ ಹಾಕುತ್ತಿತ್ತು, ಆದ್ದರಿಂದ ತಿರುಗಲಿಲ್ಲ. ಕೆಳಗೆ ಕೆರೆ, ಆಚೆ ದಡದಲ್ಲಿ ಅಗಸರು ಹರವಿದ ಬಟ್ಟೆ, ಹಿಂದೆ ಕಾಗದದ ಮೇಲೆ ಪೆನ್ಸಿಲ್ಲಿನ ಸಣ್ಣ ಸದ್ದು. ಕೈ ಸೋತುಹೋಗಿತ್ತು, ಆದರೂ ಮನಸ್ಸಿಗೆ ಹಾಯೆನಿಸಿತ್ತು. ಐದು ಗಂಟೆಗೆ ಶ್ರೀಮತಿ ಲಿನ್ ಹೊರಬಂದರು. ‘ಆಯಿತು’ ಎಂದರು. ಕಣ್ಣು ಒದ್ದೆಯಾಗಿತ್ತು. ಒಂದೂವರೆ ತಾಸು ತುಂಬಿತ್ತು. ಚಿತ್ರ ತೋರಿಸುವಷ್ಟು ಹೊತ್ತಿರಲಿಲ್ಲ. ಟಾಂಗಾ ಹಿಡಿದು ಓಡಿದೆವು. ರೈಲಿನ ಕಿಟಕಿಯಿಂದ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡರು.

ಮನೆಗೆ ಬಂದಾಗ ಗಿರಿಜಾ, ‘ಹೆಂಗ ಇದ್ದನ್ರೀ ವಿಷ್ಣು?’ ಎಂದು ಕೇಳಿದಳು. ಶೇಷನ ಮೇಲೆ ವಿಷ್ಣು ಇನ್ನು ಹೇಗಿರುತ್ತಾನೆ? ‘ಆಹಾ, ಎಂಥಾ ಚಂದ ಮಲಗ್ಯಾನ! ಕಾಲ ಹತ್ರ ಲಕ್ಷ್ಮೀ’ ಎಂದೆ. ಕಣ್ಣುಮುಚ್ಚಿದ ಆ ಮುಖದ ಶಾಂತಿಯನ್ನು ಕಾಲೇಜಿನಲ್ಲೂ ಒಂದು ತಾಸು ವರ್ಣಿಸಿದೆ.

ನಾಲ್ಕು ತಿಂಗಳ ಮೇಲೆ ಚೀನಾದಿಂದ ದಪ್ಪ ಲಕೋಟೆ ಬಂತು. ತಂದೆ ಚಿತ್ರವನ್ನು ಬಹಳ ಹೊತ್ತು ನೋಡಿ, ‘ನೀನು ಅವಸರ ಮಾಡಿಲ್ಲ’ ಎಂದರಂತೆ. ನಮಗಾಗಿ ಅದರದೇ ಒಂದು ಪ್ರತಿ ಬರೆದು ಕಳಿಸಿದ್ದರು. ಗಿರಿಜಾ ಬಿಚ್ಚಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ವಿಷ್ಣು ಸುರುಳಿ ಸುತ್ತಿದ ಶೇಷನ ಮೇಲೆ ನೆಟ್ಟಗೆ ಕೂತಿದ್ದ, ಕಣ್ಣು ತೆರೆದು.

‘ಏನ್ರೀ, ಎದ್ದು ಕುಂತಾನಲ್ಲ!’ ಎಂದಳು.

ಚಿತ್ರಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದೇವೆ. ಬಂದವರಿಗೆಲ್ಲ ನಾನೇ ನಿಂತು ಶೇಷನ ಒಂದೊಂದು ಸುರುಳಿಯನ್ನೂ ಬೆರಳಿಟ್ಟು ವಿವರಿಸುತ್ತೇನೆ. ‘ಸರ್, ಬಾದಾಮಿ ಭಾಳ ಸರ್ತಿ ನೋಡೀರಿ ಕಾಣತೈತಿ’ ಎನ್ನುತ್ತಾರೆ ಅವರು. ಆ ಹೊತ್ತಿಗೆ ಗಿರಿಜಾ ಏನೂ ಮಾತಾಡದೆ ಚಹಾ ಮಾಡಲು ಒಳಗೆ ಹೋಗುತ್ತಾಳೆ. ಅದು ಅವಳ ದೊಡ್ಡ ಗುಣ.